ಅವಳ ಕೂಸು ಯಾರ ಕೈಯಲ್ಲಿ?

ಹೈಸ್ಕೂಲು ಮಾಸ್ತರನಿಗೆ ಊರೂರಲ್ಲೂ ಗುರುತಿನವರಿರುತ್ತಾರೆ ಎಂಬುದು ಜನರ ನಂಬಿಕೆ. ಅದು ಅರ್ಧ ನಿಜ. ನವಲಗುಂದ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿ ಧಾರವಾಡಕ್ಕೆ ಬಂದವನಿಗೆ ಹಳ್ಳಿಗೊಬ್ಬ ಹಳೆಯ ವಿದ್ಯಾರ್ಥಿ ಸಿಕ್ಕೇ ಸಿಗುತ್ತಾನೆ. ಹಾಗಾಗಿ ನಮ್ಮಂಥವರಿಗೆ ಬರುವ ಫೋನುಗಳಲ್ಲಿ ಟ್ಯೂಷನ್ನಿನ ವಿಚಾರ, ಕಾಲೇಜಿನ ಸೀಟಿನ ವಿಚಾರ ಬಿಟ್ಟರೆ ಮೂರನೆಯದು ಇದು: "ಸರ್, ನಿಮ್ಮ ಗುರುತಿನಾಗ ಕೂಸು ನೋಡಿಕೊಳ್ಳಾಕ ಯಾರಾದ್ರೂ ಹೆಣ್ಣಮಗಳು ಇದ್ರ ಹೇಳ್ರಿ."

ಕೇಳುವವರು ಸಾಮಾನ್ಯವಾಗಿ ವಿದ್ಯಾನಗರದಲ್ಲೋ ಸಪ್ತಾಪುರದಲ್ಲೋ ಮನೆ ಕಟ್ಟಿಸಿಕೊಂಡು ನೆಮ್ಮದಿಯಾಗಿರುವ ನಿವೃತ್ತರು. ಕೂಸು ಇರುವುದು ಇಲ್ಲಿಯಲ್ಲ, ಬೆಂಗಳೂರಿನಲ್ಲಿ, ಮಗಳ ಮನೆಯಲ್ಲಿ ಅಥವಾ ಮಗನ ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಅಲ್ಲಿಯೇ ಸಿಗುವವರು ಬೇಡ, ನಮ್ಮ ಕಡೆಯಾಕಿ ಬೇಕು. ರೊಟ್ಟಿ ಬಡಿಯಲು ಬರಬೇಕು, ಕೂಸಿನ ಕೂಡ ನಮ್ಮ ಮಾತು ಆಡಬೇಕು, ಮನೆಯಲ್ಲೇ ಇರಬೇಕು. ಇಷ್ಟರ ಮೇಲೆ ಎರಡು ಷರತ್ತು ಬರುತ್ತವೆ. ಮೊದಲನೆಯದು, ಆಕೆಗೆ ಮಕ್ಕಳನ್ನು ಸಾಕಿ ಗೊತ್ತಿರಬೇಕು. ಎರಡನೆಯದು, ಹಿಂದೆ ಮುಂದೆ ತಾಪತ್ರಯ ಇರಬಾರದು.

ಈ ಎರಡು ಷರತ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮಕ್ಕಳನ್ನು ಸಾಕಿ ಗೊತ್ತಿರಬೇಕಾದರೆ ಆಕೆ ತಾಯಿಯಾಗಿರಬೇಕು. ತಾಪತ್ರಯ ಇರಬಾರದೆಂದರೆ ಆ ಮಕ್ಕಳು ಕಣ್ಣಿಗೆ ಬೀಳಬಾರದು. ಅಜ್ಜಿಯಾದವಳು, ಮಕ್ಕಳೆಲ್ಲ ದೊಡ್ಡವರಾದವಳು ಸಿಕ್ಕರೆ ಸರಿ. ಆದರೆ ಐವತ್ತು ದಾಟಿದವರನ್ನು ಈ ಜನ ಒಪ್ಪುವುದಿಲ್ಲ. ಕೂಸಿನ ಹಿಂದೆ ಓಡಾಡುವ ಶಕ್ತಿ ಬೇಕಲ್ಲ! ಹೀಗೆ ಜರಡಿ ಹಿಡಿಯುತ್ತ ಹೋದರೆ ಕೊನೆಗೆ ಉಳಿಯುವವಳು ಇಪ್ಪತ್ತೈದರಿಂದ ನಲವತ್ತರ ಒಳಗಿನ, ತನ್ನ ಮಕ್ಕಳನ್ನು ಊರಲ್ಲಿ ಬಿಟ್ಟು ಬರಲು ತಯಾರಾದ ತಾಯಿ. ಯಾರೂ ಬಾಯಿ ಬಿಟ್ಟು "ಮಕ್ಕಳನ್ನು ಬಿಟ್ಟು ಬರುವಾಕಿ ಬೇಕು" ಎನ್ನುವುದಿಲ್ಲ. ಲೆಕ್ಕ ಹಾಕಿದರೆ ಬರುವ ಉತ್ತರ ಮಾತ್ರ ಅದೇ.

ಹೀಗೆ ಬರುವವರಿಗೆ ಊರಲ್ಲಿ ಕೊರತೆಯೇನೂ ಇಲ್ಲ. ನವಲಗುಂದದ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಜೋಳ. ಮಳೆ ಕೈಕೊಟ್ಟರೆ ಎರಡೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಅಂಥ ವರ್ಷ ಕೈಗಡ ತೀರಿಸುವುದು ಹೇಗೆ? ಗಂಡ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ, ಹೆಂಡತಿ ಬೆಂಗಳೂರಿಗೆ. ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿಯ ಕಡೆಗೆ ಇದನ್ನು ಗುಳೆ ಎನ್ನುತ್ತಾರೆ. ಗುಳೆ ಹೊಸದಲ್ಲ. ಆದರೆ ಹಳೆಯ ಗುಳೆಯಲ್ಲಿ ಸಂಸಾರವೇ ಗಂಟು ಕಟ್ಟಿಕೊಂಡು ಹೊರಡುತ್ತಿತ್ತು. ಕಬ್ಬಿನ ಗದ್ದೆಯಿರಲಿ, ಇಟ್ಟಿಗೆ ಭಟ್ಟಿಯಿರಲಿ, ಕೂಸು ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಾದರೂ ತಾಯಿಯ ಕಣ್ಣಳತೆಯಲ್ಲಿ ಇರುತ್ತಿತ್ತು. (ಅದು ಒಳ್ಳೆಯ ಬಾಳು ಎಂದು ನಾನು ಹೇಳುತ್ತಿಲ್ಲ. ಭಟ್ಟಿಯ ಹೊಗೆ ಕುಡಿದು ಬೆಳೆದ ಮಕ್ಕಳನ್ನು ಕಂಡಿದ್ದೇನೆ.) ಕೂಸು ನೋಡಿಕೊಳ್ಳುವ ಕೆಲಸದ ವಿಚಿತ್ರವೆಂದರೆ, ಈ ಗುಳೆಗೆ ತನ್ನ ಕೂಸನ್ನು ಒಯ್ಯುವಂತಿಲ್ಲ. ಕೂಸು ಸಾಕುವುದೇ ಕೆಲಸ, ತನ್ನ ಕೂಸೇ ಆ ಕೆಲಸಕ್ಕೆ ಅಡ್ಡಿ!

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಇದಕ್ಕೆ 2000ದಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ 'ಆರೈಕೆಯ ಸರಪಳಿ' ಎನ್ನಬಹುದು. ಶ್ರೀಮಂತ ದೇಶದ ತಾಯಿ ನೌಕರಿಗೆ ಹೋಗುತ್ತಾಳೆ, ಅವಳ ಮಗುವನ್ನು ಫಿಲಿಪೈನ್ಸಿನಂಥ ಬಡ ದೇಶದಿಂದ ಬಂದ ತಾಯಿ ನೋಡಿಕೊಳ್ಳುತ್ತಾಳೆ, ಆಕೆಯ ಮಕ್ಕಳನ್ನು ಆಕೆಗಿಂತ ಬಡವಳಾದ ಇನ್ನೊಬ್ಬ ತಾಯಿ ನೋಡಿಕೊಳ್ಳುತ್ತಾಳೆ, ಆ ಮೂರನೆಯವಳ ಮಕ್ಕಳನ್ನು ಅವಳದೇ ಹಿರಿಯ ಮಗಳು ನೋಡಿಕೊಳ್ಳುತ್ತಾಳೆ. ಒಂದೊಂದು ಕೊಂಡಿ ಇಳಿದಂತೆ ಕೂಲಿ ಕಡಿಮೆಯಾಗುತ್ತ ಹೋಗಿ, ಕೊನೆಯ ಕೊಂಡಿಗೆ ಕೂಲಿಯೇ ಇರುವುದಿಲ್ಲ.

ಇದು ಸಮುದ್ರದಾಚೆಯ ಕಥೆ ಎಂದುಕೊಳ್ಳಬೇಡಿ. ಧಾರವಾಡದ ಎಷ್ಟೋ ನಿವೃತ್ತ ದಂಪತಿಗಳು ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗಿ ಬರುತ್ತಾರೆ. ಅವರ ತೊಂಬತ್ತರ ತಾಯಿ ಮಾಳಮಡ್ಡಿಯ ಮನೆಯಲ್ಲಿ ಉಳಿಯುತ್ತಾರೆ, ಅವರನ್ನು ನೋಡಿಕೊಳ್ಳಲು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಅಂದರೆ ನಾವೂ ಈ ಸರಪಳಿಯ ಒಂದು ಕೊಂಡಿಯೇ, ವಿಮಾನದಲ್ಲಿ ಹೋಗುವ ಕೊಂಡಿ.

ಸರಪಳಿಯ ಮೇಲಿನ ತುದಿ ಸಮಾಜಶಾಸ್ತ್ರಜ್ಞರಿಗೆ ಕಾಣುತ್ತದೆ, ಕೆಳಗಿನ ತುದಿ ನಮಗೆ. ಅದು ಕಾಣುವುದು ಹಾಜರಿ ಪುಸ್ತಕದಲ್ಲಿ.

ಹಿಂದೊಮ್ಮೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಪ್ರಯೋಗ ಮಾಡಿಸುವಾಗ ಮೊದಲು ಮುಂದೆ ಬರುವವಳು ಅವಳೇ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಹಿಡಿದ ಕಾಗದವನ್ನು ಜತನವಾಗಿ ಮನೆಗೆ ಒಯ್ದವಳು. ದಸರಾ ರಜೆಯ ನಂತರ ಅವಳ ಹೆಸರಿನ ಮುಂದೆ ವಾರದಲ್ಲಿ ಎರಡು ದಿನ, ಮೂರು ದಿನ ಗೈರು. ಒಂದು ಸಲ ಆರು ದಿನ ಸತತವಾಗಿ ಬರಲಿಲ್ಲ. ಬಂದ ದಿನ ಕೇಳಿದೆ.

"ತಮ್ಮಗ ಜ್ವರ ಬಂದಿತ್ರಿ ಸರ್."

"ನಿಮ್ಮವ್ವ ಎಲ್ಲಿ ಹೋಗ್ಯಾಳ?"

"ಬೆಂಗಳೂರಾಗ ಅದಾಳ್ರಿ. ಅಲ್ಲಿ ಪಾಪುಗೂ ಜ್ವರ ಬಂದಿತ್ತಂತ್ರಿ. ಅದಕ್ಕ ಬಿಡಲಿಲ್ಲಂತ್ರಿ."

'ಪಾಪು' ಅವಳ ಊರಿನ ಮಾತಲ್ಲ. ಅವಳ ಊರಲ್ಲಿ ಕೂಸು ಎನ್ನುತ್ತಾರೆ. ತಾಯಿಯ ಫೋನಿನಲ್ಲಿ ಕೇಳಿ ಕೇಳಿ ಆ ಪದ ಅವಳಿಗೆ ಬಂದಿತ್ತು. ಒಂದೇ ವಾರದಲ್ಲಿ ಎರಡು ಕೂಸುಗಳಿಗೆ ಜ್ವರ. ತಾಯಿಯ ಕೈ ಒಂದರ ಹಣೆಯ ಮೇಲೆ, ಹದಿಮೂರು ವರ್ಷದ ಅಕ್ಕನ ಕೈ ಇನ್ನೊಂದರ ಹಣೆಯ ಮೇಲೆ. ಅಕ್ಕನ ಹೆಸರಿನ ಮುಂದೆ ಆರು ಗೈರು. ಇದರಲ್ಲಿ ಕೆಟ್ಟವರು ಯಾರು ಎಂದು ನನ್ನನ್ನು ಕೇಳಿದರೆ ಬೆರಳು ತೋರಿಸಲು ನನಗೆ ಯಾರೂ ಸಿಗುವುದಿಲ್ಲ. ಬೆಂಗಳೂರಿನ ತಾಯಿಗೂ ಜ್ವರ ಬಂದ ಮಗುವನ್ನು ಬಿಟ್ಟು ಆಫೀಸಿಗೆ ಹೋಗುವ ಸಂಕಟ ಇದ್ದೀತು. ಆದರೂ ಎರಡು ಜ್ವರಗಳಲ್ಲಿ ಯಾವುದು ದೊಡ್ಡದು ಎಂಬುದನ್ನು ದುಡ್ಡು ತೀರ್ಮಾನಿಸಿತು ಎಂಬ ಮಾತನ್ನು ತೇಲಿಸಿ ಬಿಡಲಾಗದು.

ನಾವು 'ಆಯಾ' ಎನ್ನುತ್ತೇವಲ್ಲ, ಅದು ಪೋರ್ಚುಗೀಸರಿಂದ ಬಂದ ಪದ. ಬ್ರಿಟಿಷರ ಕಾಲದಲ್ಲಿ ಸಾಹೇಬರ ಕುಟುಂಬಗಳು ಹಡಗು ಹತ್ತುವಾಗ ಮಕ್ಕಳನ್ನು ನೋಡಿಕೊಳ್ಳಲು ಇಲ್ಲಿಯ ಆಯಾಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಇಂಗ್ಲೆಂಡ್ ಮುಟ್ಟಿದ ಮೇಲೆ ಕೆಲವರು ಆಯಾಗಳಿಗೆ ಮರಳುವ ಟಿಕೆಟ್ ಕೊಡದೆ ಕೈಬಿಟ್ಟರು. ಅಂಥವರಿಗಾಗಿ ಲಂಡನ್ನಿನಲ್ಲಿ 'ಆಯಾಗಳ ಮನೆ' ಎಂಬ ವಸತಿಗೃಹವೇ ನಡೆಯುತ್ತಿತ್ತು. 1900ರಲ್ಲಿ ಅದು ಹ್ಯಾಕ್ನಿ ಎಂಬ ಭಾಗಕ್ಕೆ ಸ್ಥಳಾಂತರವಾಯಿತು. ಆ ಕಟ್ಟಡಕ್ಕೆ 2022ರಲ್ಲಿ ನೆನಪಿನ ನೀಲಿ ಫಲಕ ಹಾಕಿದ್ದಾರೆ. ಆಯಾಗಳ ತೊಡೆಯ ಮೇಲೆ ಕೂತ ಬಿಳಿ ಮಕ್ಕಳ ಹಳೆಯ ಫೋಟೋಗಳು ಈಗಲೂ ಸಿಗುತ್ತವೆ. ಆ ಆಯಾಗಳ ಸ್ವಂತ ಮಕ್ಕಳ ಫೋಟೋ ಯಾರು ತೆಗೆದಾರು?

ಪನ್ನಾ ದಾಯಿಯ ಕಥೆ ನಿಮ್ಮಲ್ಲಿ ಹಲವರು ಓದಿರುತ್ತೀರಿ. ಹದಿನಾರನೆಯ ಶತಮಾನದ ಮೇವಾಡ. ಬಾಲಕ ಉದಯಸಿಂಹನನ್ನು ಕೊಲ್ಲಲು ಬನವೀರ ಕತ್ತಿ ಹಿಡಿದು ಬಂದಾಗ ದಾಯಿ ರಾಜಕುಮಾರನನ್ನು ಹೊರಗೆ ಸಾಗಿಸಿ, ಅವನ ಹಾಸಿಗೆಯ ಮೇಲೆ ತನ್ನ ಮಗ ಚಂದನನನ್ನು ಮಲಗಿಸಿದಳು. ಉದಯಸಿಂಹ ಬದುಕಿ ರಾಣಾ ಆದ, ಉದಯಪುರ ಕಟ್ಟಿಸಿದ, ಅವನ ಮಗನೇ ಮಹಾರಾಣಾ ಪ್ರತಾಪ. ಸ್ವಾಮಿನಿಷ್ಠೆಗೆ ಉದಾಹರಣೆ ಎಂದು ನಾವು ಇದನ್ನು ಕಲಿಸುತ್ತೇವೆ. ತರಗತಿಯಲ್ಲಿ ಒಮ್ಮೆಯಾದರೂ ಯಾರಾದರೂ ಎದ್ದು "ಸರ್, ಚಂದನಗ ಎಷ್ಟು ವರ್ಷ ಆಗಿತ್ರಿ?" ಎಂದು ಕೇಳಲಿ ಎಂದು ನನ್ನ ಆಸೆ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ತಾಯಿ ಮಗುವಿನ ನಂಟು ಬರೀ ಭಾವನೆಯ ಮಾತು, ಕಾಲ ಕಳೆದಂತೆ ಮರೆಯುತ್ತದೆ ಎನ್ನುವವರಿದ್ದಾರೆ. ಶರೀರ ಹಾಗೆ ಹೇಳುವುದಿಲ್ಲ. ಕೂಸು ಮೊಲೆ ಚೀಪಿದಾಗ ತಾಯಿಯ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಹಾಲನ್ನು ಹೊರಕ್ಕೆ ಹರಿಸುತ್ತದೆ. ಇದು ಬಾವಿಯಂತೆ, ಸೇದಿದಷ್ಟೂ ಒರತೆ. ಸೇದುವುದು ನಿಂತರೆ ಕೆಲವೇ ದಿನಗಳಲ್ಲಿ ಒರತೆ ಕುಗ್ಗುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಮತ್ತು ಅದರಾಚೆಗೂ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ವರ್ಷದ ಕೂಸನ್ನು ಬಿಟ್ಟು ಬಸ್ಸು ಹತ್ತಿದ ತಾಯಿಗೆ ದಾವಣಗೆರೆ ದಾಟುವುದರೊಳಗೆ ಎದೆ ಬಿಗಿದಿರುತ್ತದೆ. ನಾಲ್ಕು ದಿನ ನೋವು, ಆಮೇಲೆ ಬತ್ತುತ್ತದೆ. ಆ ನೋವು ಯಾವ ಸಂಬಳದ ಚೀಟಿಯಲ್ಲೂ ಬರುವುದಿಲ್ಲ.

ಮಗುವಿನ ಕಡೆಯಿಂದ ನೋಡೋಣ. 1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೋ ತಾಯಿಯಿಂದ ಬೇರ್ಪಡಿಸಿದ ಮಂಗನ ಮರಿಗಳ ಮುಂದೆ ಎರಡು ಗೊಂಬೆಗಳನ್ನಿಟ್ಟ ಪ್ರಯೋಗವನ್ನು ಪ್ರಕಟಿಸಿದರು. ಒಂದು ತಂತಿಯಿಂದ ಮಾಡಿದ ತಾಯಿ, ಇನ್ನೊಂದು ಮೆತ್ತನೆಯ ಬಟ್ಟೆ ಸುತ್ತಿದ ತಾಯಿ. ಹಾಲಿನ ಶೀಸೆ ತಂತಿಯ ತಾಯಿಯಲ್ಲಿದ್ದರೂ ಮರಿಗಳು ಹಸಿವಾದಾಗಷ್ಟೇ ಅದರ ಬಳಿ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನು ಅವುಚಿಕೊಂಡಿರುತ್ತಿದ್ದವು. (ಇಂಥ ಪ್ರಯೋಗ ಮಾಡಲು ವಿಜ್ಞಾನಿಗೆ ಮನಸ್ಸಾದರೂ ಹೇಗೆ ಬಂತು ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.) ಪ್ರತಿ ತಿಂಗಳು ಒಂದನೇ ತಾರೀಖಿಗೆ ಫೋನಿನ ಮೂಲಕ ಊರಿಗೆ ದುಡ್ಡು ಕಳಿಸುವ ತಾಯಿಯನ್ನು ನೆನೆದಾಗ ನನಗೆ ಆ ಹಾಲಿನ ಶೀಸೆಯ ನೆನಪಾಗುತ್ತದೆ. ಆಕೆ ತಂತಿಯ ತಾಯಿಯಲ್ಲ, ನಾವು ಅವಳನ್ನು ಹಾಗೆ ಮಾಡಿಟ್ಟಿದ್ದೇವೆ. ಬಟ್ಟೆಯ ತಾಯಿ ಬೆಂಗಳೂರಿನಲ್ಲಿ ಬೇರೆ ಕೂಸಿಗೆ ಲಾಲಿ ಹಾಡುತ್ತಿದ್ದಾಳೆ.

ಇನ್ನೊಬ್ಬರ ಕೆಲಸ ಇದಕ್ಕಿಂತ ಮುಖ್ಯ. ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಸಣ್ಣ ಚಲನಚಿತ್ರ ಮಾಡಿದರು. ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಚಿತ್ರ. ಆ ಕಾಲದ ಆಸ್ಪತ್ರೆಗಳಲ್ಲಿ ತಂದೆತಾಯಿ ಬಂದು ನೋಡಲು ಬಿಗಿಯಾದ ಕಟ್ಟಳೆಗಳಿದ್ದವು. ಇಂಥ ಮಕ್ಕಳಲ್ಲಿ ಅವರು ಮೂರು ಹಂತ ಗುರುತಿಸಿದರು. ಮೊದಲು ಮಗು ಅಳುತ್ತದೆ, ಹಟ ಹಿಡಿಯುತ್ತದೆ. ಎರಡನೆಯ ಹಂತದಲ್ಲಿ ಮಂಕಾಗುತ್ತದೆ. ಮೂರನೆಯ ಹಂತದಲ್ಲಿ ಸುಮ್ಮನಾಗುತ್ತದೆ, ಆಟವಾಡುತ್ತದೆ, ಊಟ ಮಾಡುತ್ತದೆ. ತಾಯಿ ಬಂದರೆ ಅವಳ ಬಳಿ ಹೋಗುವುದಿಲ್ಲ. ಈ ಮೂರನೆಯ ಹಂತವನ್ನು ನೋಡಿ ದಾದಿಯರು "ಮಗು ಹೊಂದಿಕೊಂಡಿತು" ಎನ್ನುತ್ತಿದ್ದರು. ನಮ್ಮಲ್ಲೂ ಅದೇ ಮಾತು: "ಕೂಸು ಅಜ್ಜಿಗೆ ಹೊಂದಿಕೊಂಡೈತಿ, ಅವ್ವನ್ನ ನೆನಸೂದೇ ಇಲ್ಲ." ಯುಗಾದಿಗೆ ಊರಿಗೆ ಬಂದ ತಾಯಿ ತಂದ ಬಿಸ್ಕೀಟನ್ನು ಕೂಸು ಇಸಿದುಕೊಂಡು ಅಜ್ಜಿಯ ಸೆರಗಿನ ಹಿಂದೆ ಅಡಗುತ್ತದೆ. ಎಲ್ಲರೂ ನಗುತ್ತಾರೆ, ತಾಯಿಯೂ ನಗುತ್ತಾಳೆ.

ರಾಬರ್ಟ್‌ಸನ್ನರ ಚಿತ್ರದ ಪರಿಣಾಮವೇನಾಯಿತು ಎಂಬುದನ್ನು ಗಮನಿಸಿ. ಮೊದಮೊದಲು ವೈದ್ಯರು ಸಿಟ್ಟಾದರು. ಆದರೆ 1959ರ ಪ್ಲಾಟ್ ಸಮಿತಿಯ ವರದಿ ಮಕ್ಕಳ ವಾರ್ಡುಗಳಲ್ಲಿ ಭೇಟಿಯ ನಿರ್ಬಂಧ ತೆಗೆಯಬೇಕೆಂದು ಶಿಫಾರಸು ಮಾಡಿತು. ಮಕ್ಕಳಿಗೆ ಆಸ್ಪತ್ರೆ ಬೇಡ ಎಂದು ಯಾರೂ ಹೇಳಲಿಲ್ಲ. ಬಾಗಿಲು ತೆರೆದಿಡಿ ಎಂದರು.

ರಾಬರ್ಟ್‌ಸನ್ನರ ಹಿರಿಯ ಸಹೋದ್ಯೋಗಿ ಜಾನ್ ಬೌಲ್ಬಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ತಾಯಿಯ ಆರೈಕೆಯ ಬಗ್ಗೆ ವರದಿ ಬರೆದವರು. ಅವರೇ ಆಯಾ ಕೈಯಲ್ಲಿ ಬೆಳೆದವರು. ಶ್ರೀಮಂತ ಮನೆತನ, ತಾಯಿ ದಿನಕ್ಕೆ ಒಂದು ತಾಸು ಮಕ್ಕಳನ್ನು ನೋಡುತ್ತಿದ್ದರಂತೆ. ಅವರನ್ನು ಎತ್ತಿ ಆಡಿಸಿದ ಆಯಾ ಅವರ ನಾಲ್ಕನೆಯ ವಯಸ್ಸಿನ ಸುಮಾರಿಗೆ ಕೆಲಸ ಬಿಟ್ಟು ಹೋದಳು. ಮುಂದೆ ಬೌಲ್ಬಿ ಅದನ್ನು ತಾಯಿಯನ್ನೇ ಕಳೆದುಕೊಂಡದ್ದಕ್ಕೆ ಹೋಲಿಸಿದರು. ಹಾಗಾಗಿ ಕೂಲಿ ಕೊಡುವ ಮನೆಯವರೂ ಸ್ವಲ್ಪ ಯೋಚಿಸಬೇಕು. ರಜೆ ಕೊಡದೆ ದುಡಿಸಿಕೊಂಡರೆ ಆಕೆ ಒಂದು ದಿನ ಹೇಳದೆ ಕೇಳದೆ ಊರಿಗೆ ಹೋಗಿಬಿಡುತ್ತಾಳೆ. ಆಗ ಹೋದದ್ದು ಕೆಲಸದಾಕಿ ಎಂದು ನೀವು ತಿಳಿಯುತ್ತೀರಿ. ನಿಮ್ಮ ಕೂಸು ಹಾಗೆ ತಿಳಿಯುವುದಿಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಹೆತ್ತ ತಾಯಿಯೊಬ್ಬಳೇ ಇಪ್ಪತ್ತನಾಲ್ಕು ತಾಸೂ ಕೂಸಿನ ಬಳಿ ಇರಬೇಕೆಂದು ವಿಜ್ಞಾನ ಹೇಳುವುದಿಲ್ಲ. ಮನುಷ್ಯನ ಕೂಸು ಅಜ್ಜಿ, ಚಿಗವ್ವ, ಅಕ್ಕ, ಅಪ್ಪ ಎಲ್ಲರ ಕೈಯಲ್ಲಿ ಬೆಳೆದುಬಂದ ಪ್ರಾಣಿ. ಸಾರಾ ಹರ್ಡಿ ಎಂಬ ಮಾನವಶಾಸ್ತ್ರಜ್ಞೆ 2009ರಲ್ಲಿ ಬರೆದ ಪುಸ್ತಕದ ಹುರುಳೇ ಇದು. ನಮ್ಮ ಕೂಡು ಕುಟುಂಬದವರಿಗೆ ಅದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಗಟ್ಟಿಯಾದ ಅಜ್ಜಿಯೊಬ್ಬಳಿದ್ದರೆ ಕೂಸು ಚೆನ್ನಾಗಿಯೇ ಬೆಳೆಯುತ್ತದೆ. ಕೇಡಾಗುವುದು ತಾಯಿ ಯಾವಾಗ ಬರುತ್ತಾಳೆಂದು ಯಾರಿಗೂ ಗೊತ್ತಿಲ್ಲದಾಗ, ಕೂಸನ್ನು ನೋಡುವವಳು ಶಾಲೆ ಬಿಟ್ಟ ಅಕ್ಕನೇ ಆದಾಗ.

ಈ ವಿಷಯ ತೆಗೆದರೆ ನನ್ನ ವಯಸ್ಸಿನ ಗಂಡಸರು ಥಟ್ಟನೆ ಹೇಳುವ ಮಾತೊಂದಿದೆ: "ತಾಯಂದಿರು ಮನೀ ಬಿಟ್ಟು ಹೊರಗ ಹೋದ್ರ ಹಿಂಗ ಆಗತದ ನೋಡ್ರಿ." ಎರಡು ಮನೆಗಳಲ್ಲಿ ಇಬ್ಬರು ತಂದೆಯರೂ ಇದ್ದಾರೆ, ಅವರ ಸುದ್ದಿಯೇ ಇಲ್ಲ! ಕೂಸು ಅತ್ತಾಗ ಎದ್ದು ಎತ್ತಿಕೊಳ್ಳಲು ಗಂಡಸಿನ ಕೈಗೆ ಯಾವ ಊನವೂ ಇಲ್ಲ. ಹಾಲೂಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೂ ಸಾಧ್ಯ. ಕೇಂದ್ರ ಸರ್ಕಾರದ ನೌಕರನಿಗೆ ಪಿತೃತ್ವ ರಜೆ 15 ದಿನ, ಅದನ್ನೂ ಪೂರ್ತಿ ತೆಗೆದುಕೊಳ್ಳಲು ನಾಚುವವರನ್ನು ಬಲ್ಲೆ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದರು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದರು. ಒಳ್ಳೆಯದೇ ಆಯಿತು. ಆದರೆ ಆ ಕಾನೂನು ಕಚೇರಿ ಕಾರ್ಖಾನೆಗಳಿಗೆ; ನಾಲ್ಕು ಗೋಡೆಯ ಮನೆಯೊಳಗೆ ದುಡಿಯುವಾಕೆಗೆ ಅದು ಮುಟ್ಟಲಿಲ್ಲ. ಒಬ್ಬ ತಾಯಿ ತನ್ನ 26 ವಾರ ಮುಗಿಸಿ ಆಫೀಸಿಗೆ ಹೊರಡುವಾಗ, ಒಂದು ವಾರದ ರಜೆಯೂ ಇಲ್ಲದ ಇನ್ನೊಬ್ಬ ತಾಯಿ ಆ ಮನೆಯ ಮೆಟ್ಟಿಲು ಹತ್ತುತ್ತಾಳೆ.

ಹಾಗಾದರೆ ಇಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬಾರದೆ? ಶ್ರೀಲಂಕಾ ಒಂದು ಪ್ರಯೋಗ ಮಾಡಿ ನೋಡಿತು. 2013ರಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಮನೆಗೆಲಸಕ್ಕೆ ಪರದೇಶಕ್ಕೆ ಹೋಗದಂತೆ ನಿಯಮ ತಂದಿತು. ತಂದೆಯರಿಗೆ ಅಂಥ ನಿಯಮವಿರಲಿಲ್ಲ. 2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ಡಾಲರಿನ ಅಭಾವ ಬಂದಾಗ ಅದೇ ಸರ್ಕಾರ ನಿಯಮವನ್ನು ಸಡಿಲಿಸಿತು. ತಾಯಿಯನ್ನು ಮನೆಯಲ್ಲಿ ಕೂಡಿಹಾಕಿದರೆ ಕೂಸಿನ ಹೊಟ್ಟೆ ತುಂಬುವುದಿಲ್ಲ. ನೀವು ಬೇಡವೆಂದರೆ ಆಕೆ ಇಟ್ಟಿಗೆ ಭಟ್ಟಿಗೆ ಹೋಗುತ್ತಾಳೆ, ಅಷ್ಟೇ. "ನಾವು ಯಾರನ್ನೂ ಇಟ್ಟುಕೊಂಡಿಲ್ಲಪ್ಪ" ಎಂದು ಕೈತೊಳೆದುಕೊಳ್ಳುವವರಿಂದ ಆಕೆಯ ಮಗಳ ಹಾಜರಿ ಒಂದು ದಿನವೂ ಹೆಚ್ಚುವುದಿಲ್ಲ.

"ನಾವೇನು ಒತ್ತಾಯ ಮಾಡಿಲ್ಲ, ಸಂಬಳ ಕೊಡ್ತೀವಿ, ತಾನಾಗೇ ಬಂದಾಳ" ಎಂಬ ಇನ್ನೊಂದು ಉತ್ತರವೂ ನನಗೆ ಒಪ್ಪಿಗೆಯಿಲ್ಲ. ಆಕೆ ತಾನಾಗಿಯೇ ಬಂದಿದ್ದಾಳೆ, ನಿಜ. ಆದರೆ ಮೂರು ವರ್ಷದ ಕೂಸು ತಾನಾಗಿಯೇ ಬಿಟ್ಟುಕೊಟ್ಟಿಲ್ಲ. ಒಪ್ಪಂದದಲ್ಲಿ ಮೂರನೆಯವನ ಪಾಲಿನದನ್ನು ತೆಗೆದುಕೊಂಡಿದ್ದೀರಿ ಎಂದಾದರೆ ಅವನಿಗೂ ಒಂದಿಷ್ಟು ಕೊಡಬೇಕಾಗುತ್ತದೆ. ಕೊಡುವುದೇನು? ದುಡ್ಡಿಗಿಂತ ಮೊದಲು, ಅವನ ತಾಯಿಯ ದಿನಗಳನ್ನು.

ಇದು ಆಗದ ಕೆಲಸವೇನಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಪುಕ್ಕಟೆ. ರಾತ್ರಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರಿನ ಹತ್ತಿರ. ಆಕೆಗೆ ಕೊರತೆಯಿರುವುದು ಬಸ್ಸಿನ ದುಡ್ಡಿನದಲ್ಲ, ರಜೆಯದು. ತಿಂಗಳಿಗೆ ಮೂರು ದಿನ ಸತತವಾಗಿ, ಸಂಬಳ ಹಿಡಿಯದೆ, ತಾರೀಖು ಮೊದಲೇ ಗೊತ್ತು ಮಾಡಿ ಬಿಟ್ಟರೆ ಊರಿನ ಕೂಸಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಬಹುದು. ಆ ಮೂರು ದಿನ ನಿಮ್ಮ ಕೂಸನ್ನು ಯಾರು ನೋಡಬೇಕು? ಅದರ ಅಪ್ಪ ಇದ್ದಾನಲ್ಲ.

ಕರ್ನಾಟಕ ಸರ್ಕಾರ 2004ರಲ್ಲಿಯೇ ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತ್ತು. ಎಷ್ಟು ಮನೆಗಳಲ್ಲಿ ಈ ಸುದ್ದಿ ಮುಟ್ಟಿತೋ ಓದುಗರೇ ಹೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿ ಒಂದು ಒಡಂಬಡಿಕೆ ಮಾಡಿತು. ವಾರದಲ್ಲಿ ಸತತ 24 ತಾಸು ವಿಶ್ರಾಂತಿ ಅದರಲ್ಲಿ ಸೇರಿದೆ. ಭಾರತ ಅದರ ಪರವಾಗಿ ಮತ ಹಾಕಿತು, ಆದರೆ ಈವರೆಗೆ ಅನುಮೋದಿಸಿಲ್ಲ. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಮನೆಗೆಲಸದವರ ಸಾಮಾಜಿಕ ಭದ್ರತೆಗೆಂದು ಮಸೂದೆಯ ಕರಡು ಸಿದ್ಧಪಡಿಸಿತು. ಹಳ್ಳಿಯ ಕಡೆ 2023ರಲ್ಲಿ ಘೋಷಣೆಯಾದ 'ಕೂಸಿನ ಮನೆ' ಯೋಜನೆ ಇದೆ. ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಲ್ಲಿ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳಲು. ಇವೆಲ್ಲ ಚೆನ್ನಾಗಿ ನಡೆದರೆ ಬಸ್ಸು ಹತ್ತುವ ತಾಯಂದಿರೇ ಕಡಿಮೆಯಾದಾರು. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯ ನಿಮಗಂತೂ ಇಲ್ಲ.

ಈಗ ನನಗೆ ಫೋನ್ ಮಾಡಿದವರಿಗೆ ನಾನು ಕೇಳುವುದು ಹೀಗೆ: "ಆಕಿ ಮಕ್ಕಳ ಹೆಸರೇನು, ವಯಸ್ಸೆಷ್ಟು, ಯಾರ ಕಡೆ ಬಿಟ್ಟು ಬರತಾಳ, ಅವರಿಗೆ ಜ್ವರ ಬಂದ್ರ ಆಕಿನ್ನ ಕಳಸತೀರೇನು?" ಕೆಲವರು ಬೇಸರ ಮಾಡಿಕೊಂಡು ಫೋನ್ ಇಡುತ್ತಾರೆ. ಹಲವರು ಒಂದು ಕ್ಷಣ ಸುಮ್ಮನಾಗಿ, "ಅದನ್ನ ಕೇಳಿಲ್ಲ ನೋಡ್ರಿ, ಕೇಳತೀವಿ" ಎನ್ನುತ್ತಾರೆ. ಹಾಲು ಕುಡಿಯುವ ಕೂಸಿರುವ ತಾಯಿಯನ್ನು ಮಾತ್ರ ನಾನು ಯಾರಿಗೂ ಗೊತ್ತು ಮಾಡಿಕೊಡುವುದಿಲ್ಲ. ಅದು ನನ್ನ ಹಟ ಎಂದುಕೊಳ್ಳಿ.

ವಿದ್ಯಾರ್ಥಿಗಳಲ್ಲಿ ಕೆಲವರು ಇಂಥ ಒಬ್ಬಾಕೆಯ ಕೈಯಲ್ಲಿ ಬೆಳೆದಿದ್ದೀರಿ. ನಿಮ್ಮ ಮೊದಲ ಹೆಜ್ಜೆ ನೋಡಿದವಳು ಆಕೆಯೇ ಇರಬಹುದು. ಆಕೆಯ ಊರು ಯಾವುದು, ಆಕೆಯ ಮಕ್ಕಳು ಈಗ ಎಷ್ಟನೆಯ ತರಗತಿ ಎಂದು ಗೊತ್ತಿದ್ದರೆ ನನಗೆ ಬರೆಯಿರಿ. ಇನ್ನು ಕೆಲವರ ತಾಯಂದಿರೇ ಹಾಗೆ ಹೋಗಿದ್ದಾರೆ. ಅವರಿಗೆ ಹೇಳುವುದು ಇಷ್ಟೇ: ತಾಯಿ ಊರಲ್ಲಿಲ್ಲ ಎಂಬುದನ್ನು ತರಗತಿಯ ಶಿಕ್ಷಕರಿಗೆ ಹೇಳಿಡಿ. ಮುಚ್ಚಿಡಬೇಕಾದ ವಿಷಯ ಅದಲ್ಲ. ಗೊತ್ತಿದ್ದರೆ ತಪ್ಪಿದ ಪಾಠ ಮತ್ತೆ ಹೇಳಿಕೊಡಲು ಬರುತ್ತದೆ.

ಮನೆಯಲ್ಲಿ ಒಂದು ಕೋಣೆ ಹೆಚ್ಚಿಗೆ ಇದ್ದವರಿಗೆ ಇನ್ನೊಂದು ದಾರಿಯಿದೆ. ಆಕೆ ಮಗುವನ್ನು ಜೊತೆಗೆ ಕರೆತರಲಿ. ಆರರಿಂದ ಹದಿನಾಲ್ಕರೊಳಗಿನ ಮಗುವನ್ನು ವರ್ಷದ ನಡುವೆಯೂ ಶಾಲೆಗೆ ಸೇರಿಸಿಕೊಳ್ಳಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತೆಂದು ಕಾಯಿಸುವಂತಿಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಮುಖ್ಯೋಪಾಧ್ಯಾಯರು ಹಿಂದೇಟು ಹಾಕಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕಾಣಿರಿ. ಬೆಂಗಳೂರಿನಲ್ಲಿಯೂ ಕನ್ನಡ ಶಾಲೆಗಳಿವೆ, ಮಕ್ಕಳಿಗಾಗಿ ಅವು ಕಾದು ಕೂತಿವೆ. ಹಾಗೆ ಬಂದ ಹುಡುಗಿಯ ಕೈಗೆ ಕಸಬರಿಗೆ ಕೊಡಬೇಡಿ. ಹದಿನಾಲ್ಕರೊಳಗಿನವರಿಂದ ಮನೆಗೆಲಸ ಮಾಡಿಸುವುದನ್ನು 2006ರಲ್ಲಿಯೇ ನಿಷೇಧಿಸಲಾಗಿದೆ. ಮಧ್ಯಾಹ್ನದ ಊಟ, ಪುಸ್ತಕ, ಸಮವಸ್ತ್ರ ಸರ್ಕಾರಿ ಶಾಲೆಯಲ್ಲಿ ಸಿಗುತ್ತವೆ. ಸಂಜೆ ನಾಲ್ಕರ ನಂತರ ಕೂತು ಓದಲು ಅಡುಗೆಮನೆಯ ಪಕ್ಕದಲ್ಲಿ ಒಂದು ಚಾಪೆಯಷ್ಟು ಜಾಗ, ಮೇಲೊಂದು ದೀಪ ಬೇಕಾಗುತ್ತದೆ.